ಲೇಕ್ ಪೊವೆಲ್ ನೀರು ಇಳಿದಿದ್ದು ಮೀನಿಂದಾನಾ?

ಆ ಬಂಡೆಯ ಮೇಲಿನ ಬಿಳಿ ಪಟ್ಟಿ ನೋಡಿ. ಸುಣ್ಣ ಬಳಿದ ಹಾಗಿದೆ, ಅಲ್ವಾ? ಒಂದು ಕಾಲದಲ್ಲಿ ನೀರು ಅಲ್ಲಿಯವರೆಗೂ ನಿಂತಿತ್ತು. ಇದು ಅಮೆರಿಕದ ಲೇಕ್ ಪೊವೆಲ್. ಕೊಲೊರಾಡೊ ನದಿಗೆ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಕಟ್ಟಿದಾಗ ಆದ ಜಲಾಶಯ. ತುಂಬಿದರೆ ಮಟ್ಟ ಸಮುದ್ರ ಮಟ್ಟದಿಂದ 3,700 ಅಡಿ. 2023ರ ಆರಂಭದಲ್ಲಿ ಅದಕ್ಕಿಂತ ಸುಮಾರು 180 ಅಡಿ ಕೆಳಗೆ ಹೋಗಿತ್ತು.

ದಡದಲ್ಲಿ ಗಾಳ ಹಾಕಿ ಕೂತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. "ಕೆಳಗಡೆ ಯಾವುದೋ ಮೀನು ಉಳಿಸೋಕೆ ಇಲ್ಲಿನ ನೀರೆಲ್ಲ ಬಿಟ್ಟುಬಿಡ್ತಾರೆ" ಅಂತ ಸಿಡುಕಿದರು. ನಿಜ ಹೇಳ್ತೀನಿ, ಇಲ್ಲಿಗೆ ಬರುವ ಮುಂಚೆ ನಾನೂ ಹಾಗೇ ಅಂದುಕೊಂಡಿದ್ದೆ.

ಆ ಮೀನಿನ ಹೆಸರು ಹಂಪ್‌ಬ್ಯಾಕ್ ಚಬ್. ತಲೆಯ ಹಿಂದೆಯೇ ದೊಡ್ಡ ಗೂನು. ನೋಡೋಕೆ ಅಂಥಾ ಚೆಲುವೇನಲ್ಲ, ನನಗಂತೂ ಇಷ್ಟವಾಯಿತು. ಕೊಲೊರಾಡೊ ಮತ್ತು ಅದರ ಉಪನದಿಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1967ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿತು. 2021ರಲ್ಲಿ ಸ್ವಲ್ಪ ಚೇತರಿಸಿಕೊಂಡಿದೆ ಅಂತ ಅಪಾಯದ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿದರು.

ಈಗ ಕಥೆ ಶುರು. ಈ ಅಣೆಕಟ್ಟಿನ ಟರ್ಬೈನ್‌ಗಳಿಗೆ ನೀರು ಹೋಗುವುದು ಆಳದಿಂದ. ಆಳದ ನೀರು ಕೊರೆಯುವಷ್ಟು ತಣ್ಣಗೆ. ಹಾಗಾಗಿ ಕೆಳಗಿನ ನದಿಯೂ ತಣ್ಣಗಾಯಿತು. ಅಣೆಕಟ್ಟಿನ ಕೆಳಗಿನ ಲೀಸ್ ಫೆರಿ ಹತ್ತಿರ ತಣ್ಣೀರಿನ ಮೀನು ಟ್ರೌಟ್ ತಂದು ಬಿಟ್ಟರು, ಅದು ಗಾಳದವರಿಗೆ ಹೆಸರಾಂತ ಜಾಗವಾಯಿತು. ಬೆಚ್ಚನೆಯ ನೀರು ಬೇಕಾದ ಚಬ್, ಲಿಟ್ಲ್ ಕೊಲೊರಾಡೊ ಅನ್ನುವ ಉಪನದಿ ಬಂದು ಸೇರುವ ಕಡೆ ಜೀವ ಹಿಡಿದುಕೊಂಡಿತು.

ಮೇಲೆ ಜಲಾಶಯ ಇಳಿಯುತ್ತಾ ಬಂದಾಗ ಬಿಸಿಲಿಗೆ ಕಾದ ಮೇಲ್ಪದರದ ನೀರು ಟರ್ಬೈನ್ ಬಾಯಿಯ ಹತ್ತಿರಕ್ಕೆ ಬಂತು. ಅದರ ಜೊತೆ ಸ್ಮಾಲ್‌ಮೌತ್ ಬಾಸ್ ಕೂಡ. ಸಿಕ್ಕ ಮರಿಗಳನ್ನೆಲ್ಲ ನುಂಗುವ ಮೀನು ಇದು. 1982ರಲ್ಲಿ ಗಾಳದವರಿಗೆ ಅಂತಲೇ ತಂದು ಬಿಟ್ಟಿದ್ದು. ಅಣೆಕಟ್ಟಿನ ಮೇಲ್ಗಡೆ ಅದು ಮುದ್ದಿನ ಮೀನು, ಕೆಳಗಡೆ ಯಮ. 2022ರಲ್ಲಿ ಅದರ ಮರಿಗಳು ಕೆಳಗೂ ಸಿಕ್ಕವು.

ಆಗ ಮಾಡಿದ್ದೇನು ಗೊತ್ತಾ? 2024ರ ಜುಲೈಯಿಂದ ನವೆಂಬರ್‌ವರೆಗೆ, ಟರ್ಬೈನ್‌ಗಿಂತಲೂ ಕೆಳಗಿರುವ ಪೈಪುಗಳಿಂದ ತಣ್ಣೀರು ಬಿಟ್ಟು ನದಿಗೆ ಬೆರೆಸಿದರು. ಸುಮಾರು 15.5 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅನ್ನುವುದು ಲೆಕ್ಕ. ಅಷ್ಟು ತಂಪಿನಲ್ಲಿ ಬಾಸ್ ಮೊಟ್ಟೆ ಇಡುವುದಿಲ್ಲ. ಅದೇ ತಂಪು ಟ್ರೌಟ್‌ಗೂ ಬೇಕಿತ್ತು. ಬೇಸಿಗೆಯ ಬೆಚ್ಚನೆ ನೀರಿಗೆ ಅದೂ ಒದ್ದಾಡುತ್ತಿತ್ತು. ಅಂದರೆ ಕೆಳಗಿನ ಗಾಳದವರೂ ಚಬ್ಬೂ ಇಲ್ಲಿ ಒಂದೇ ಪಾಳಯ.

ಹಾಗಾದರೆ ಜಲಾಶಯದ ಮಟ್ಟ? ವರ್ಷಕ್ಕೆ ಎಷ್ಟು ನೀರು ಬಿಡಬೇಕು ಅನ್ನುವುದನ್ನು ರಾಜ್ಯಗಳ ನೀರು ಹಂಚಿಕೆಯ ನಿಯಮ ಮೊದಲೇ ಹೇಳಿರುತ್ತದೆ. 2024ರಲ್ಲಿ ಅದು 74.8 ಲಕ್ಷ ಎಕರೆ ಅಡಿ (ಒಂದು ಎಕರೆ ಮೇಲೆ ಒಂದು ಅಡಿ ನಿಲ್ಲುವ ನೀರು ಒಂದು ಎಕರೆ ಅಡಿ). ಮೀನಿಗಾಗಿ ಬದಲಾಗಿದ್ದು ನೀರು ಯಾವ ತೂತಿನಿಂದ ಹೊರಗೆ ಬರುತ್ತದೆ ಅನ್ನುವುದಷ್ಟೇ. ಬಿಸಿ ತಟ್ಟಿದ್ದು ಕರೆಂಟಿಗೆ. ಪೈಪಿನ ನೀರು ಟರ್ಬೈನ್ ತಿರುಗಿಸುವುದಿಲ್ಲ. ಸುಮಾರು 1.9 ಕೋಟಿ ಡಾಲರ್ ಹೊರೆ. ಆದರೆ ಆ ವರ್ಷ ಕೆಳಗೆ ಹೊಸ ಬಾಸ್ ಮರಿ ಕಾಣಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. 1962ರಲ್ಲಿ ಇದೇ ನದಿಯ ಉಪನದಿ ಗ್ರೀನ್ ರಿವರ್‌ಗೆ ರೊಟೆನೋನ್ ವಿಷ ಸುರಿದಿದ್ದರು. ಟ್ರೌಟ್ ಬಿಡೋಕೆ ಜಾಗ ಮಾಡಬೇಕು, ಊರ ಮೀನುಗಳೆಲ್ಲ ಕಸ ಅಂತ! ವಿಷ ಅಂದುಕೊಂಡಲ್ಲಿ ನಿಲ್ಲದೆ ಡೈನೊಸಾರ್ ರಾಷ್ಟ್ರೀಯ ಸ್ಮಾರಕ ಅನ್ನುವ ರಕ್ಷಿತ ಪ್ರದೇಶದೊಳಗೂ ಹರಿಯಿತು. 2022ರಲ್ಲಿ ಈ ಅಣೆಕಟ್ಟಿನ ಕೆಳಗಿನ ಒಂದು ನಿಂತ ನೀರಿಗೂ ಅದೇ ರೊಟೆನೋನ್ ಹಾಕಿದರು, ಈ ಸಲ ಬಾಸ್ ಸಾಯಲಿ ಅಂತ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಷ್ಟೂ ಆ ಹಿರಿಯರಿಗೆ ಹೇಳಿದೆ. "ಹಾಗಾದ್ರೆ ನೀರೆಲ್ಲ ಎಲ್ಲಿಗೆ ಹೋಯ್ತು?" ಅಂದರು. 2000ದಿಂದ ಬಿಡದ ಬರ, ಕೆಳಗಿನ ಹೊಲಗಳು, ನಗರಗಳು ಅಂತ ಶುರು ಮಾಡಿದೆ. ಅಷ್ಟರಲ್ಲಿ ಅವರ ಗಾಳ ಜಗ್ಗಿತು. ಮಾತು ಅಲ್ಲಿಗೇ ನಿಂತಿತು. ಸಿಕ್ಕಿದ್ದು ಸ್ಮಾಲ್‌ಮೌತ್ ಬಾಸ್.