ಬಿಟ್ಟುಹೋದ ಗಿರಾಕಿಯ ಹಿಂದೆ ಒಂದು ಸಂಜೆ

ಕೇಳುಗರೆಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನನ್ನದೊಂದು ಸಣ್ಣ ಸ್ಟಾರ್ಟಪ್ ಉಂಟು. ಸಹಕಾರಿ ಸೊಸೈಟಿಗಳ ಪಿಗ್ಮಿ ಕಲೆಕ್ಷನ್‌ಗೆ, ಅಂದರೆ ದಿನಾ ಜನರ ಹತ್ತಿರವೇ ಹೋಗಿ ಸಣ್ಣ ಉಳಿತಾಯದ ದುಡ್ಡು ತೆಗೆದುಕೊಳ್ಳುವುದಕ್ಕೆ, ಬೇಕಾದ ಆ್ಯಪ್ ಮಾಡುತ್ತೇವೆ. ಪಿಗ್ಮಿಯವರು ದುಡ್ಡು ತೆಗೆದುಕೊಂಡು ಮೊಬೈಲಿನಲ್ಲಿ ಒತ್ತಿದರೆ ಬ್ಯಾಗಿನಲ್ಲಿರುವ ಪುಟ್ಟ ಪ್ರಿಂಟರ್‌ನಿಂದ ಚೀಟಿ ಬರುತ್ತದೆ.

ಮೂರನೇ ವರ್ಷ ನಮ್ಮ ಅತಿ ದೊಡ್ಡ ಗಿರಾಕಿ ನಮ್ಮನ್ನು ಬಿಟ್ಟು ಬೇರೆ ಕಂಪನಿಗೆ ಹೋಯಿತು. ಆ ಕಂಪನಿಯ ರೇಟು ನಮ್ಮದಕ್ಕಿಂತ ಕಡಿಮೆ. ಅದಕ್ಕೇ ಹೋದರು ಎಂದುಕೊಂಡೆ. ರಾತ್ರಿಯೆಲ್ಲ ಕೂತು ರೇಟು ಇಳಿಸುವ ಲೆಕ್ಕ ಹಾಕಿದೆ. ಇಳಿಸಿದರೆ ನಮ್ಮ ಹುಡುಗರ ಸಂಬಳ ಹುಟ್ಟುವುದಿಲ್ಲ.

ನನ್ನ ಸೋದರಮಾವ ಸಿಂಡಿಕೇಟ್ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅವರು ಹೇಳಿದ್ದು ಇಷ್ಟೇ: "ಮ್ಯಾನೇಜರನ್ನು ಕೇಳಬೇಡ. ಪಿಗ್ಮಿಯವನ ಹಿಂದೆ ಹೋಗು."

ಹೋದೆ. ಮಲ್ಪೆ ಬಂದರು, ಆಗಸ್ಟ್ ತಿಂಗಳು, ಜಿರಿಜಿರಿ ಮಳೆ. ನಮ್ಮ ಆ್ಯಪ್ ಬಿಟ್ಟ ಪಿಗ್ಮಿ ಕಲೆಕ್ಟರೊಬ್ಬರು ಪಾಪ, ಬೇಡ ಅನ್ನದೆ ಜೊತೆಗೆ ಕರೆದುಕೊಂಡು ಹೋದರು. ಮೀನು ಮಾರುವ ಅಕ್ಕ ಒಬ್ಬರು ಸೊಂಟದ ಚೀಲದಿಂದ ಮಡಚಿದ ನೂರರ ನೋಟು ತೆಗೆದರು. ಎಡಗೈಯಲ್ಲಿ ನೋಟು ಗಟ್ಟಿಯಾಗಿ ಹಿಡಿದು ಬಲಗೈ ಚಾಚಿದರು. ಮೊದಲು ಚೀಟಿ, ಆಮೇಲೆ ದುಡ್ಡು. ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಸ ಆ್ಯಪ್ ತಕ್ಷಣ ಚೀಟಿ ಕೊಟ್ಟಿತು, ಲೆಕ್ಕವನ್ನು ಆಮೇಲೆ ಕಳಿಸಿತು. ನಮ್ಮದು ನೆಟ್ ಇಲ್ಲದೆ ಚೀಟಿಯನ್ನೇ ಕೊಡುತ್ತಿರಲಿಲ್ಲ. "ನಿಮ್ಮದರಲ್ಲಿ ದಿನಾ ಹತ್ತು ಜನ ನಾಳೆ ಬನ್ನಿ ಅಂತಿದ್ದರು ಮಾರಾಯ್ರೆ," ಎಂದರು ಕಲೆಕ್ಟರು.

ರೇಟಿನ ಮಾತೇ ಬರಲಿಲ್ಲ, ನೋಡಿ.

ಅದೇ ಸಂಜೆ ಇನ್ನೊಂದು ವಿಷಯ ಗೊತ್ತಾಯಿತು. ಜೂನ್, ಜುಲೈಯಲ್ಲಿ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬಂದರಿನ ಕಡೆ ಪಿಗ್ಮಿ ತೀರಾ ಕಡಿಮೆ. ಆದರೂ ನಾವು, ಆ ಕಂಪನಿಯವರು ಇಬ್ಬರೂ ತಿಂಗಳ ಬಾಡಿಗೆ ಪೂರ್ತಿ ತೆಗೆದುಕೊಳ್ಳುತ್ತಿದ್ದೆವು. ನಾವು ಚೀಟಿಗೆ ಇಷ್ಟು ಎಂದು ಬದಲಾಯಿಸಿದೆವು. ಕಲೆಕ್ಷನ್ ಇಲ್ಲದಾಗ ಬಿಲ್ಲೂ ಕಡಿಮೆ. ಇಬ್ಬರು, ಮೂವರು ಕಲೆಕ್ಟರಿರುವ ಸಣ್ಣ ಸೊಸೈಟಿಗಳು ಆಮೇಲೆಯೇ ನಮ್ಮ ಹತ್ತಿರ ಬಂದದ್ದು.

ಈ ಪೈಪೋಟಿ, ಸಣ್ಣವರನ್ನು ಹುಡುಕಿಕೊಂಡು ಹೋಗುವುದು ಎಲ್ಲ ಈ ಊರಿಗೆ ಹೊಸದಲ್ಲ ಎಂದು ಮಾವ ಆಗಾಗ ಹೇಳುತ್ತಾರೆ. 1906ರಿಂದ 1931ರೊಳಗೆ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಹೀಗೆ ಐದು ಬ್ಯಾಂಕುಗಳು ಹುಟ್ಟಿದವು. 1925ರಲ್ಲಿ ಸಿಂಡಿಕೇಟ್ 8,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಶುರುವಾದಾಗ, ಅದೇ ಊರಿನ ಕಾರ್ಪೊರೇಷನ್ ಬ್ಯಾಂಕಿಗೆ 19 ವರ್ಷ ಆಗಿತ್ತು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಉಳಿಸುವವರ ಬಾಗಿಲಿಗೂ ಹೋದರು. ಆ ಎರಡಾಣೆಯಿಂದಲೇ ಇವತ್ತು ನನ್ನ ಅನ್ನ ಹುಟ್ಟುತ್ತಿರುವುದು.

ಇನ್ನೊಂದು ಮಾತು. ಆ ಕಂಪನಿ ಬಿಟ್ಟ ಹುಡುಗನೊಬ್ಬ ಕೆಲಸ ಕೇಳಿಕೊಂಡು ಬಂದ. ಅವರ ಗಿರಾಕಿಗಳ ಪಟ್ಟಿ ಪೆನ್‌ಡ್ರೈವ್‌ನಲ್ಲಿ ಉಂಟು ಎಂದ. ಪಟ್ಟಿ ಬೇಡ, ನೀನು ಬಾ ಎಂದೆ. ಒಂದು ಗಳಿಗೆ ಆಸೆ ಆದದ್ದು ಸುಳ್ಳಲ್ಲ. ಆದರೆ ನಮ್ಮದು ಸಣ್ಣ ಊರು. ಮದುವೆ ಊಟದ ಪಂಕ್ತಿಯಲ್ಲಿ ಆ ಕಂಪನಿಯವರ ಪಕ್ಕದಲ್ಲೇ ಕೂರಬೇಕಾದೀತು, ಅಲ್ವಾ? ಗಿರಾಕಿಗಳು ಅವರ ಬಗ್ಗೆ ಕೇಳಿದರೆ, ಒಳ್ಳೆಯದಿದ್ದದ್ದನ್ನು ಒಳ್ಳೆಯದು ಎಂದೇ ಹೇಳುತ್ತೇನೆ. ಹೋದ ವರ್ಷ ಅವರೇ ಒಂದು ಸಣ್ಣ ಸೊಸೈಟಿಗೆ ನಮ್ಮ ನಂಬರ್ ಕೊಟ್ಟು ಕಳಿಸಿದರು.

ಬಿಟ್ಟುಹೋದ ದೊಡ್ಡ ಸೊಸೈಟಿ ಇನ್ನೂ ವಾಪಸ್ ಬಂದಿಲ್ಲ. ನಮ್ಮ ಆ್ಯಪ್ ಈಗ ನೆಟ್ ಇಲ್ಲದೆಯೂ ಚೀಟಿ ಕೊಡುತ್ತದೆ. ನಾಳೆ ಸಂಜೆ ಅದನ್ನು ತೆಗೆದುಕೊಂಡು ಮಲ್ಪೆಗೆ, ಅದೇ ಕಲೆಕ್ಟರ ಹತ್ತಿರ ಹೋಗುವವನಿದ್ದೇನೆ. ನಮಸ್ಕಾರ.