ಗೋಡೆಯಾಚೆಯ ಕೋಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಅಟಾರಿ ಕಂಪನಿ 1980ರ ಹೊತ್ತಿಗೆ ‘ಅಡ್ವೆಂಚರ್’ ಅನ್ನುವ ಒಂದು ವಿಡಿಯೊ ಗೇಮ್ ತಂದಿತು. ಮಾಯದ ಬಟ್ಟಲೊಂದು ಕಳುವಾಗಿದೆ. ಹುಡುಕಲು ಹೊರಟವನಿಗೆ ಎದುರಾಗುವುದು ಮೂರು ಕೋಟೆ, ಮೂರು ಡ್ರ್ಯಾಗನ್, ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹಾರುವ ಒಂದು ಬಾವಲಿ. ಬಟ್ಟಲನ್ನು ಹಳದಿ ಕೋಟೆಗೆ ತಂದು ಸೇರಿಸಿದರೆ ಗೆದ್ದ ಹಾಗೆ. ಇಡೀ ಆಟ 4 ಕಿಲೋಬೈಟಿನೊಳಗೆ ಅಡಗಿತ್ತು. ನಾವು ಇವತ್ತು ಮೊಬೈಲಿನಲ್ಲಿ ತೆಗೆಯುವ ಒಂದೇ ಒಂದು ಫೋಟೊ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಹಾಗಾಗಿ ಆ ಆಟದ ವೀರನಿಗೆ ಕೈಕಾಲು ಮುಖ ಏನೂ ಇರಲಿಲ್ಲ, ಅವನು ಸ್ಕ್ರೀನಿನ ಮೇಲೆ ಓಡಾಡುವ ಒಂದು ಚೌಕ. ಕತ್ತಿ ನೋಡಲು ಬಾಣದ ಗುರುತಿನ ಹಾಗಿತ್ತು.

ಇದನ್ನು ಮಾಡಿದವನು ಒಬ್ಬನೇ, ವಾರನ್ ರಾಬಿನೆಟ್. ಆಗ ಅಟಾರಿಯಲ್ಲಿ ಗೇಮ್ ಬರೆದವರ ಹೆಸರನ್ನು ಡಬ್ಬದ ಮೇಲೂ ಹಾಕುತ್ತಿರಲಿಲ್ಲ, ಆಟದೊಳಗೂ ಹಾಕುತ್ತಿರಲಿಲ್ಲ. ಈ ಅಸಮಾಧಾನದಲ್ಲೇ ಅಲ್ಲಿನ ನಾಲ್ವರು ಪ್ರೋಗ್ರಾಮರ್‌ಗಳು 1979ರಲ್ಲಿ ಹೊರಬಂದು ಆಕ್ಟಿವಿಷನ್ ಎಂಬ ಗೇಮ್ ಕಂಪನಿ ಕಟ್ಟಿದರು. ರಾಬಿನೆಟ್ ಬೇರೆ ದಾರಿ ಹಿಡಿದ. ಕಪ್ಪು ಕೋಟೆಯೊಳಗಿನ ಜಟಿಲವಾದ ಓಣಿಗಳಲ್ಲಿ ಒಂದು ಮುಚ್ಚಿದ ಕೋಣೆ ಇದೆ. ಸೇತುವೆಯನ್ನು ಹೊತ್ತು ತಂದು ಗೋಡೆಗೆ ಅಡ್ಡವಿಟ್ಟರೆ ಮಾತ್ರ ಅದರೊಳಗೆ ಹೋಗಬಹುದು. ಅಲ್ಲಿ ಒಂದು ಚುಕ್ಕೆ ಬಿದ್ದಿದೆ, ಒಂದೇ ಒಂದು ಪಿಕ್ಸೆಲ್. ಬಣ್ಣ ನೆಲದ್ದೇ ಬೂದು ಬಣ್ಣವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ, ಮೈಗೆ ತಾಗಿದಾಗ ಮಾತ್ರ ಏನೋ ಎತ್ತಿಕೊಂಡ ಸದ್ದು ಕೇಳುತ್ತದೆ. ಅದನ್ನು ಹೊತ್ತು ಹಳದಿ ಕೋಟೆಯ ಪಕ್ಕದ ಓಣಿಗೆ ತರಬೇಕು. ಅಲ್ಲಿ ಇನ್ನೆರಡು ವಸ್ತುಗಳೂ ಇದ್ದರೆ ಬಲಬದಿಯ ಗೆರೆ ಮಿನುಗತೊಡಗುತ್ತದೆ. ನುಗ್ಗಿದರೆ ಗೋಡೆ ದಾರಿ ಬಿಡುತ್ತದೆ. ಒಳಗೆ ನಿಧಿಯಿಲ್ಲ, ರಾಕ್ಷಸನಿಲ್ಲ. ‘ಸೃಷ್ಟಿಸಿದವನು ವಾರನ್ ರಾಬಿನೆಟ್’ ಅನ್ನುವ ಸಾಲು, ಬಣ್ಣ ಬದಲಿಸುತ್ತ, ಮೇಲಿಂದ ಕೆಳಗೆ ಬರೆದುಕೊಂಡಿದೆ.

ಅವನು ಇದನ್ನು ಜೊತೆಯವರಿಗೂ ಹೇಳಲಿಲ್ಲ. ಅವನು ಕೆಲಸ ಬಿಟ್ಟು ಹೋದ ಮೇಲೆ ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗನೊಬ್ಬ ಅದನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆದ. ಆಗಲೇ ಅಟಾರಿಯವರಿಗೂ ಗೊತ್ತಾದದ್ದು. ಆಟ ತುಂಬಿದ ಕಾರ್ಟ್ರಿಜ್‌ಗಳು ಅದಾಗಲೇ ಮನೆಮನೆ ಸೇರಿದ್ದವು. ಕೊನೆಗೆ ಅಲ್ಲಿನ ಸ್ಟೀವ್ ರೈಟ್ ಎಂಬ ಅಧಿಕಾರಿ, ಇರಲಿ ಬಿಡಿ, ಈಸ್ಟರ್ ಹಬ್ಬದಲ್ಲಿ ಮಕ್ಕಳು ಹುಡುಕುವ ಮೊಟ್ಟೆಗಳ ಹಾಗೆ ನಮ್ಮ ಗೇಮ್‌ಗಳಲ್ಲೂ ಇಂಥವು ಇರಲಿ ಎಂಬ ನಿಲುವಿಗೆ ಬಂದ. ಇವತ್ತು ಮೈಸೂರಿನ ಹುಡುಗರ ಬಾಯಲ್ಲೂ ಇದು ‘ಈಸ್ಟರ್ ಎಗ್’. ಇಂಥ ಗುಪ್ತ ಗುರುತುಗಳಲ್ಲಿ ಇದೇ ಮೊದಲನೆಯದಲ್ಲ ಅಂತ ಆಮೇಲೆ ತಿಳಿಯಿತು. 1977ರ ‘ಸ್ಟಾರ್‌ಶಿಪ್ 1’ ಎಂಬ ಆಟದಲ್ಲಿ ಅಡಗಿದ್ದ ಅಂಥದೊಂದು ಗುರುತು ಹೊರಬಂದದ್ದು 2017ರಲ್ಲಿ, ನಲವತ್ತು ವರ್ಷ ಕಳೆದ ಮೇಲೆ.

ಈ ಕಥೆ ಓದಿದಾಗಲೆಲ್ಲ ನನಗೆ ಸೋಮನಾಥಪುರ ನೆನಪಾಗುತ್ತದೆ. ಮೈಸೂರಿನಿಂದ ಬನ್ನೂರು ದಾಟಿ ಹೋದರೆ ಸಿಗುವ ಕೇಶವ ದೇವಾಲಯ, ಹೊಯ್ಸಳರ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ನಾವು ಅಲ್ಲಿಗೆ ಹೋಗುತ್ತೇವೆ, ಜಗತಿಯ ಮೇಲೆ ಒಂದು ಸುತ್ತು ಹಾಕುತ್ತೇವೆ, ಫೋಟೊ ತೆಗೆದು ಬರುತ್ತೇವೆ. ಮುಂದಿನ ಸಲ ಹೋದಾಗ ದೇವರ ಮುಖ ನೋಡಿದ ಮೇಲೆ ಬಗ್ಗಿ, ವಿಗ್ರಹದ ಪೀಠವನ್ನೂ ನೋಡಿ. ಬೆಳಗಿನ ಓರೆ ಬಿಸಿಲು ಬಿದ್ದಿದ್ದರೆ ಇನ್ನೂ ಒಳ್ಳೆಯದು. ಹಳಗನ್ನಡದ ಪುಟ್ಟ ಅಕ್ಷರಗಳು ಕಾಣುತ್ತವೆ. ಅವು ಶಿಲ್ಪಿಗಳ ಹೆಸರುಗಳು. ರೂವಾರಿ ಮಲ್ಲಿತಮ್ಮನ ಗುರುತೇ ನಲವತ್ತಕ್ಕೂ ಹೆಚ್ಚು ಶಿಲ್ಪಗಳಲ್ಲಿದೆ. ಕೆಲವು ಕಡೆ ಬರೀ ‘ಮಲ್ಲಿ’, ಕೆಲವು ಕಡೆ ಬರೀ ‘ಮ’.

ಇವೆರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಮಲ್ಲಿತಮ್ಮ ಹಾಡಹಗಲೇ, ಎಲ್ಲರ ಕಣ್ಣೆದುರೇ ಕೊರೆದ. ರಾಬಿನೆಟ್ ಯಜಮಾನನಿಗೆ ಗೊತ್ತಾಗದ ಹಾಗೆ ಬಚ್ಚಿಟ್ಟ. ಆದರೆ ಎರಡೂ ಕಡೆ ಆ ಅಕ್ಷರ ಸಿಗುವುದು ಅವಸರವಿಲ್ಲದೆ ನಿಂತು ನೋಡುವವರಿಗೆ. ಗೇಮಿನ ಗುಟ್ಟುಗಳನ್ನು ನಾನು ಪ್ರೀತಿಸುವುದು ಇದಕ್ಕೇ. ಗೋಡೆಯಾಚೆ ಸಿಗುವುದು ಬಹುಮಾನವಾದರೆ ಖುಷಿ ಅಷ್ಟಕ್ಕೇ ಮುಗಿಯುತ್ತದೆ. ಅಲ್ಲಿ ಒಬ್ಬ ಮನುಷ್ಯ ಸಿಕ್ಕರೆ ಆಟ ಮುಗಿದ ಮೇಲೂ ಅವನು ಜೊತೆಗಿರುತ್ತಾನೆ.

ಎಲ್ಲ ಗುಟ್ಟುಗಳೂ ಹೀಗಿರುವುದಿಲ್ಲ. ಒಂದು ಆಟ ಇನ್ನೊಂದು ಆಟದತ್ತ ಕೈ ತೋರಿಸುವುದು ಈಗ ಬಹಳ ಸಾಮಾನ್ಯ. 1998ರ ಜೆಲ್ಡಾ ಆಟದಲ್ಲಿ, ಅರಮನೆಯ ಅಂಗಳದಲ್ಲಿ ರಾಜಕುಮಾರಿಯನ್ನು ಮೊದಲ ಸಲ ಕಾಣುವ ಜಾಗದಲ್ಲಿ, ಪಕ್ಕದ ಕಿಟಕಿಗೆ ಕಣ್ಣಿಟ್ಟರೆ ಒಳಗಿನ ಗೋಡೆಯ ಮೇಲೆ ಇನ್ನೊಂದು ಆಟದ ನಾಯಕ ಮಾರಿಯೊನ ಚಿತ್ರ ಕಾಣುತ್ತದೆ. ಎರಡೂ ನಿಂಟೆಂಡೊ ಕಂಪನಿಯ ಆಟಗಳು, ನೆಂಟರ ಮನೆಯ ಫೋಟೊ ಅಂದುಕೊಳ್ಳೋಣ. 2011ರ ಸ್ಕೈರಿಮ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರದ ತುದಿಯಲ್ಲಿ ಒಂದು ಗುದ್ದಲಿ ಬಂಡೆಗೆ ನಾಟಿಕೊಂಡಿದೆ. ಅದು ಮೈನ್‌ಕ್ರಾಫ್ಟ್ ಆಟಕ್ಕೆ ಸಲ್ಲಿಸಿದ ನಮಸ್ಕಾರ. ಅದೇ ವರ್ಷ ಆ ಎರಡು ಆಟಗಳ ಕಂಪನಿಗಳ ನಡುವೆ ಹೆಸರೊಂದರ ವಿಚಾರಕ್ಕೆ ಕಾನೂನಿನ ತಕರಾರು ಎದ್ದಿತ್ತು ಅನ್ನುವುದು ಗೊತ್ತಿದ್ದರೆ ಆ ಗುದ್ದಲಿಗೆ ಬೇರೆಯೇ ತೂಕ ಬರುತ್ತದೆ. ವಕೀಲರು ಜಗಳವಾಡಿದರೂ ಆಟ ಕಟ್ಟುವವರು ಆಟ ಕಟ್ಟುವವರನ್ನು ಗುರುತಿಸಿದ್ದರು. ಇನ್ನು ಸಿನಿಮಾದ ಡೈಲಾಗ್ ಒಂದನ್ನು ತಂದು ಯಾವುದೋ ಪಾತ್ರದ ಬಾಯಿಗೆ ತುರುಕುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಅದರಲ್ಲಿ ಹುಡುಕುವ ಕೆಲಸವೇ ಇಲ್ಲ.

ಅಗಲಿದವರ ನೆನಪಿಗೆ ಇಟ್ಟ ಗುಟ್ಟುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2004ರಲ್ಲಿ ಬಿಡುಗಡೆಯಾಯಿತು. ಅದರ ಕಲಾವಿದರಲ್ಲಿ ಒಬ್ಬನಾದ ಮಿಶೆಲ್ ಕೊಯ್ಟರ್ ಅದೇ ವರ್ಷ ತೀರಿಕೊಂಡ. ಜೊತೆಗಾರರು ಆ ಮಾಯಾಲೋಕದ ಬಯಲು ಸೀಮೆಯಲ್ಲಿ, ಗುಡ್ಡವೊಂದರ ಮೇಲೆ, ಮಡಿದ ವೀರನ ಗುಡಿಯೊಂದನ್ನು ಕಟ್ಟಿದರು. ಅಲ್ಲಿಗೆ ಹೋಗಿ ಅಂತ ಆಟದಲ್ಲಿ ಯಾರೂ ಹೇಳುವುದಿಲ್ಲ, ಹೋದರೆ ಅಂಕವೂ ಇಲ್ಲ. ಅಲೆಯುತ್ತ ಅಲೆಯುತ್ತ ಸಿಕ್ಕರೆ ಸಿಕ್ಕಿತು. ನಟ ರಾಬಿನ್ ವಿಲಿಯಮ್ಸ್ 2014ರಲ್ಲಿ ತೀರಿಕೊಂಡಾಗಲೂ ಇದೇ ಆಟದಲ್ಲಿ ಅವರ ನೆನಪಿಗೆ ದೀಪದೊಳಗಿನ ಜಿನಿಯೊಂದನ್ನು ಇಟ್ಟರು. ಅವರು ಈ ಆಟವನ್ನು ತಾವೇ ಆಡುತ್ತಿದ್ದವರು. ಮಗಳಿಗೆ ಜೆಲ್ಡಾ ಅಂತ ಹೆಸರಿಟ್ಟಿದ್ದರು.

ಮಂಡ್ಯ ಸೀಮೆಯವರಿಗೆ ಇದು ಹೊಸತೆನಿಸಬಾರದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲೊಂದಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನಿಗೆ ಅವನ ದೊರೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟರು, ಹಂದಿಯ ಜೊತೆ ಅದು ಕಾದಾಡುವುದನ್ನು ಮೇಲೆ ಕೊರೆಸಿದರು. ರಾಷ್ಟ್ರಕೂಟರ, ಚೋಳರ ದೊಡ್ಡ ಯುದ್ಧದ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರೀತಿಪಾತ್ರವಾದ ಜೀವವೊಂದು ಹೋದಾಗ, ತಮಗೆ ಒಲಿದ ಮಾಧ್ಯಮದಲ್ಲಿ ಗುರುತು ಬಿಡುವುದು ಎರಡೂ ಕಡೆ ನಡೆದಿದೆ. ಒಬ್ಬರಿಗೆ ಕಲ್ಲು, ಇನ್ನೊಬ್ಬರಿಗೆ ಕೋಡ್.

ಇನ್ನು ಸುಳ್ಳು ಸುದ್ದಿಯೇ ನಿಜವಾದ ಒಂದು ಪ್ರಸಂಗ. ಡಯಾಬ್ಲೊ ಎಂಬ ಆಟದ ಊರಿನಲ್ಲಿ ಹಸುಗಳು ಸುಮ್ಮನೆ ಮೇಯುತ್ತ ನಿಂತಿದ್ದವು. ಅವನ್ನು ಇಷ್ಟು ಸಲ ಕ್ಲಿಕ್ ಮಾಡಿದರೆ ಗುಪ್ತ ಲೆವೆಲ್ ತೆರೆಯುತ್ತದೆ ಅಂತ ಯಾರೋ ಹಬ್ಬಿಸಿದರು. ಜನ ಕ್ಲಿಕ್ ಮಾಡಿದ್ದೇ ಮಾಡಿದ್ದು, ಏನೂ ತೆರೆಯಲಿಲ್ಲ. ಕಂಪನಿಯವರು 1998ರ ತಮ್ಮ ಇನ್ನೊಂದು ಆಟದಲ್ಲಿ ‘ಹಸುವಿನ ಲೆವೆಲ್ ಇಲ್ಲ’ ಅನ್ನುವ ವಾಕ್ಯವನ್ನೇ ಚೀಟ್ ಕೋಡ್ ಆಗಿ, ಅಂದರೆ ಟೈಪ್ ಮಾಡಿದರೆ ಆಟ ಸುಲಭವಾಗುವ ಗುಪ್ತಪದವಾಗಿ, ಇಟ್ಟರು. 2000ರಲ್ಲಿ ಡಯಾಬ್ಲೊದ ಎರಡನೇ ಭಾಗ ಬಂತು. ಅದರಲ್ಲಿ ಮೊದಲ ಆಟದ ಕುಂಟ ಹುಡುಗ ವರ್ಟ್‌ನ ಮರದ ಕಾಲು ಪಾಳುಬಿದ್ದ ಊರಿನಲ್ಲಿ ಸಿಗುತ್ತದೆ. ಅದನ್ನೂ ಒಂದು ಮಂತ್ರದ ಪುಸ್ತಕವನ್ನೂ ಮಾಯದ ಪೆಟ್ಟಿಗೆಯಲ್ಲಿ ಸೇರಿಸಿದರೆ ಕೆಂಪು ಬಾಗಿಲು ತೆರೆಯುತ್ತದೆ. ಆಚೆ ಹಸುಗಳ ಹಿಂಡು, ಎರಡು ಕಾಲಿನ ಮೇಲೆ ನಿಂತು, ಉದ್ದ ಹಿಡಿಯ ಕೊಡಲಿ ಹಿಡಿದು ಮೇಲೆ ಬೀಳುತ್ತವೆ. ಆಡುವವರು ಕಟ್ಟಿದ ಕಥೆಯನ್ನು ಮಾಡುವವರು ಕಿವಿಗೊಟ್ಟು ಕೇಳಿ, ವರ್ಷಗಳ ನಂತರ ನಿಜ ಮಾಡಿಕೊಟ್ಟರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಷ್ಯಾಡೊ ಆಫ್ ದಿ ಕೊಲೊಸಸ್’. ಫುಮಿಟೊ ಉಏಡಾ ಎಂಬ ಜಪಾನಿ ನಿರ್ದೇಶಕನ ತಂಡ 2005ರಲ್ಲಿ ಮಾಡಿದ್ದು. ನಿರ್ಜನವಾದ ವಿಶಾಲ ನಾಡು, ಒಬ್ಬ ಹುಡುಗ, ಅವನ ಕುದುರೆ, ಬೆಟ್ಟದಷ್ಟು ದೊಡ್ಡ ಹದಿನಾರು ಜೀವಿಗಳು. ಒಂದೊಂದನ್ನೂ ಹತ್ತಿ ಕೊಲ್ಲಬೇಕು. ಸಣ್ಣಪುಟ್ಟ ಶತ್ರುಗಳೇ ಇಲ್ಲ. ಇಷ್ಟು ಜಾಗ ಖಾಲಿ ಬಿಟ್ಟಿರಬೇಕಾದರೆ ಹದಿನೇಳನೆಯದು ಎಲ್ಲೋ ಇರಲೇಬೇಕು ಅಂತ ಜಗತ್ತಿನ ಹಲವರು ನಂಬಿದರು. ವರ್ಷಗಟ್ಟಲೆ ಹುಡುಕಿದರು. ಪ್ರತಿ ಗುಹೆ, ಪ್ರತಿ ಪಾಳು ಗೋಡೆ, ನಕ್ಷೆಯ ಅಂಚಿನ ಪ್ರತಿ ಬಂಡೆ. ಕೆಲವರು ಡಿಸ್ಕಿನೊಳಗಿನ ಫೈಲುಗಳನ್ನೇ ಬಿಚ್ಚಿ ನೋಡಿದರು. ಹದಿನೇಳನೆಯದು ಇರಲಿಲ್ಲ.

ಇದ್ದದ್ದು ಬೇರೆ. ಆಟವನ್ನು ಮತ್ತೆ ಮತ್ತೆ ಮುಗಿಸಿ ಹುಡುಗನ ಹಿಡಿತದ ಶಕ್ತಿಯನ್ನು ಬೆಳೆಸಿದರೆ, ನಡುವಿನ ಮಹಾಗುಡಿಯ ಗೋಡೆಯ ಪಾಚಿಯನ್ನು ಹಿಡಿದು ತುದಿಯವರೆಗೆ ಹತ್ತಬಹುದು. ಅಲ್ಲೊಂದು ತೋಟ. ಮರಗಳಲ್ಲಿ ಹಣ್ಣು. ತಿಂದರೆ ಶಕ್ತಿ ಹೆಚ್ಚುವುದರ ಬದಲು ಕುಗ್ಗುತ್ತದೆ. ಅಷ್ಟು ಕಷ್ಟಪಟ್ಟು ಹತ್ತಿದವನಿಗೆ ಆಟ ಕೊಡುವುದು ಇಷ್ಟೇ. ಆದರೆ ಕಥೆಯ ಕೊನೆಯ ದೃಶ್ಯ ಇದೇ ತೋಟದಲ್ಲಿ ನಡೆಯುವುದರಿಂದ, ಮೊದಲೇ ಇಲ್ಲಿ ಕಾಲಿಟ್ಟವನಿಗೆ ನಿಷಿದ್ಧವಾದ ಜಾಗಕ್ಕೆ ಬಂದ ಅಳುಕು ಹುಟ್ಟುತ್ತದೆ. ನನ್ನ ಮಟ್ಟಿಗೆ ವಿಡಿಯೊ ಗೇಮ್‌ಗಳಲ್ಲಿ ಇದಕ್ಕಿಂತ ಸೊಗಸಾದ ಗುಟ್ಟು ಇಲ್ಲ. 2018ರಲ್ಲಿ ಬ್ಲೂಪಾಯಿಂಟ್ ಎಂಬ ಕಂಪನಿ ಇದೇ ಆಟವನ್ನು ಹೊಸದಾಗಿ ಕಟ್ಟಿದಾಗ ಆ ನಾಡಿನ ಮೂಲೆಮೂಲೆಗಳಲ್ಲಿ 79 ಚಿನ್ನದ ನಾಣ್ಯಗಳನ್ನು ಬಚ್ಚಿಟ್ಟಿತು. ಎಲ್ಲವನ್ನೂ ಕೂಡಿಸಿದರೆ ಹಿಂದಿನ ಆಟದಲ್ಲಿ ಎಂದೂ ತೆರೆಯದ ಬಾಗಿಲೊಂದು ತೆರೆದು ಖಡ್ಗ ಸಿಗುತ್ತದೆ. ವ್ಯರ್ಥವಾಗಿ ಹುಡುಕಿದವರ ನಿಷ್ಠೆಗೆ ಸಂದ ಗೌರವ ಅದು ಅಂತ ನಾನು ಭಾವಿಸುತ್ತೇನೆ.

ಯೂಟ್ಯೂಬಿನಲ್ಲಿ ಇದೆಲ್ಲ ಹತ್ತು ನಿಮಿಷದಲ್ಲಿ ನೋಡಲು ಸಿಗುತ್ತದಲ್ಲ ಅಂತ ಹುಡುಗರು ಕೇಳುತ್ತಾರೆ. ಸಿಗುತ್ತದೆ. ಒಂದು ಆಟವನ್ನಾದರೂ ಏನನ್ನೂ ನೋಡದೆ, ನೋಟ್‌ಬುಕ್ಕಿನಲ್ಲಿ ನೀವೇ ನಕ್ಷೆ ಬರೆದುಕೊಂಡು ಆಡಿ ಅಂತ ನಾನು ಅವರಿಗೆ ಹೇಳುತ್ತೇನೆ.

ನಕ್ಷೆ ಅಂದೆ. ರಾಬಿನೆಟ್‌ಗೆ ಸ್ಫೂರ್ತಿ ಕೊಟ್ಟದ್ದು ಅದಕ್ಕೂ ಹಿಂದಿನ, ಬರೀ ಅಕ್ಷರಗಳಲ್ಲಿ ನಡೆಯುವ ಒಂದು ಗುಹೆಯ ಆಟ. ವಿಲ್ ಕ್ರೌದರ್ ಎಂಬಾತ 1970ರ ದಶಕದ ನಡುವಿನಲ್ಲಿ ತನ್ನ ಹೆಣ್ಣುಮಕ್ಕಳಿಗಾಗಿ ಬರೆದದ್ದು. ಅವನು ಕೆಂಟಕಿಯ ಮ್ಯಾಮತ್ ಗುಹೆಗಳನ್ನು ಅಳೆದು ನಕ್ಷೆ ಮಾಡಿದವರಲ್ಲಿ ಒಬ್ಬ. ಆಟದ ಓಣಿಗಳು ಅವನು ನಿಜವಾಗಿ ತೆವಳಿ ಹೋದ ಓಣಿಗಳೇ. ಕುಳ್ಳರು, ಮಾಯದ ವಸ್ತುಗಳ ಅಡಿಯಲ್ಲಿ ಒಂದು ನಿಜವಾದ ಗುಹೆ ಅಡಗಿತ್ತು.

ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ‘ರಾಜಿ’ ಎಂಬ ಆಟ ಮಾಡಿತು. ಅಪಹರಿಸಿದ ತಮ್ಮನನ್ನು ಹುಡುಕುತ್ತ ಹೋಗುವ ಹುಡುಗಿಯ ಕಥೆಯನ್ನು ದುರ್ಗೆಯೂ ವಿಷ್ಣುವೂ ಹೇಳುತ್ತಾರೆ. ಗೋಡೆಯ ಚಿತ್ರಗಳ ಮುಂದೆ ನಿಂತರೆ ಪುರಾಣದ ಪ್ರಸಂಗಗಳು ಬಿಚ್ಚಿಕೊಳ್ಳುತ್ತವೆ. ಆ ಆಟದ ಅಸುರನ ಹೆಸರು ಮಹಾಬಲಾಸುರ. ಚಾಮುಂಡಿಬೆಟ್ಟದ ಮಹಿಷಾಸುರನ ಪ್ರತಿಮೆಯ ಮುಂದೆ ಬೆಳೆದ ಮಕ್ಕಳಿಗೆ ಈ ಲೋಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಕೇಳುತ್ತಿರುವವರಲ್ಲಿ ಗೇಮ್ ಕಟ್ಟಲು ಕಲಿಯುತ್ತಿರುವ ಹುಡುಗ ಹುಡುಗಿಯರಿದ್ದರೆ ಪಾಂಡವಪುರದ ಕುಂತಿಬೆಟ್ಟವನ್ನು ಒಮ್ಮೆ ನಕ್ಷೆಯ ಪುಸ್ತಕ ಹಿಡಿದು ಹತ್ತಿ. ಭೀಮ ಬಕಾಸುರನನ್ನು ಕೊಂದ ಜಾಗ ಅಂತ ಜನ ಹೇಳುವ ಬೆಟ್ಟ ಅದು. ಅದೇ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು, ಟಿಪ್ಪುವಿನ ಕಾಲದ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದರಿಂದ. ರಾಕ್ಷಸ ಒಂದು ಕಡೆ, ಪರದೇಶದ ಸಿಪಾಯಿ ಇನ್ನೊಂದು ಕಡೆ, ಸುತ್ತ ಕಬ್ಬಿನ ಗದ್ದೆ. ಎಲ್ಲಿ ಯಾವ ಬಂಡೆಯ ಹಿಂದೆ ಏನನ್ನು ಬಚ್ಚಿಡಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ. ಪಾತ್ರಗಳು ಮಂಡ್ಯದ ಕನ್ನಡದಲ್ಲೇ ಮಾತಾಡಲಿ. ನಿಮ್ಮ ಹೆಸರನ್ನೂ ಒಳಗೆ ಎಲ್ಲಾದರೂ ಬರೆಯಿರಿ, ಹುಡುಕಲು ನಾನು ತಯಾರಿದ್ದೇನೆ.

ನಮಸ್ಕಾರ.