ಮೊದಲ ಪುಸ್ತಕ, ಕೊನೆಯ ಪ್ರೂಫ್ | ಕಲಬುರಗಿಯಿಂದ ಮಳಖೇಡಕ್ಕೆ ಒಂದು ದಿನ

ನಮಸ್ಕಾರ ರೀ ಎಲ್ಲರಿಗೂ. ಫ್ಯಾನಿನ ಸದ್ದು ಬರುತ್ತಿದ್ದರೆ ಸ್ವಲ್ಪ ಸಹಿಸಿಕೊಳ್ಳಿ. ಕಲಬುರಗಿಯ ಏಪ್ರಿಲ್‌ನಲ್ಲಿ ಅದನ್ನು ಆರಿಸಿ ಕೂರೋದು ಸಾಧ್ಯವಿಲ್ಲ.

ಮೇಜಿನ ಮೇಲೆ ಕಾಣುತ್ತಿರುವುದು ಒಬ್ಬ ಹುಡುಗನ ಮೊದಲ ಕಥಾಸಂಕಲನದ ಪ್ರೂಫ್. ಹುಡುಗ ನಮ್ಮ ಕಡೆಯವನೇ, ಹೆಸರು ಬೇಡ. ಕರಡು ತಿದ್ದುವುದು ನನ್ನ ಕೆಲಸ ಅಂತ ನಿಮಗೆ ಗೊತ್ತೇ ಇದೆ. ಹೊಸದಾಗಿ ಬರೆಯುವವರು ಎಲ್ಲಿ ಎಡವುತ್ತಾರೆ ಅಂತ ತುಂಬಾ ಜನ ಕೇಳಿದ್ದೀರಿ. ನಾನು ನೋಡಿದಂತೆ ಕಥೆಯಲ್ಲಿ ಎಡವುವುದು ಕಡಿಮೆ. ಕಥೆ ಮುಗಿದ ಮೇಲೆ ಪ್ರೆಸ್ಸಿನ ಬಾಗಿಲಲ್ಲಿ ಎಡವುತ್ತಾರೆ. ಅವಸರ, ಅಷ್ಟೇ. ಹಾಲ್ ಬುಕ್ ಆಗಿರುತ್ತದೆ, ಆಮಂತ್ರಣ ಪತ್ರಿಕೆ ಹಂಚಿ ಆಗಿರುತ್ತದೆ, ಪುಸ್ತಕ ಮಾತ್ರ ಇನ್ನೂ ಪ್ರೂಫಿನಲ್ಲಿರುತ್ತದೆ. 2020ರ ಫೆಬ್ರವರಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ ಆಯ್ತಲ್ಲ, ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರಾಗಿದ್ದರು. ಅಲ್ಲಿನ ಮಳಿಗೆಗಳಲ್ಲಿ ಹೊಸಬರ ಪುಸ್ತಕ ತಿರುವಿ ಹಾಕುತ್ತಿದ್ದಾಗ ಕೆಲವದರ ಬೆನ್ನುಡಿಯಲ್ಲೇ ತಪ್ಪು. ಹೊಟ್ಟೆ ಉರಿಯುತ್ತದೆ ರೀ. ವರ್ಷಗಟ್ಟಲೆ ಬರೆದದ್ದನ್ನು ಒಂದು ವಾರದ ಆತುರ ಕೆಡಿಸುತ್ತದೆ.

ಸರಿ, ಪ್ರೆಸ್ಸಿಗೆ ಬಂದೆವು. ಇಲ್ಲಿ ಜೋರಾಗಿ ಮಾತಾಡುವ ಹಾಗಿಲ್ಲ, ಮಷೀನ್ ಓಡುತ್ತಿದೆ.

ಈ ಸಾಲು ನೋಡಿ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ. ಹುಡುಗ ಬರೆದದ್ದು ಮೊಬೈಲ್‌ನಲ್ಲಿ, ಯುನಿಕೋಡ್, ಅಂದರೆ ಎಲ್ಲ ಫೋನಿನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆಯಲ್ಲಿ. ಇಲ್ಲಿನ ಪುಟ ಕಟ್ಟುವ ಸಾಫ್ಟ್‌ವೇರ್ ಹಳೆಯದು, ನುಡಿ ಫಾಂಟಿಗೆ ಬದಲಾಯಿಸಲೇಬೇಕು. ಅವನು ವಾಟ್ಸಾಪ್ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆದಿದ್ದ. ನುಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳು ಕೂತಿರುತ್ತವೆ, ಹಾಗಾಗಿ ಬದಲಾದ ಮೇಲೆ ಅದು ಅರ್ಥವೇ ಇಲ್ಲದ ಕನ್ನಡ ತುಂಡುಗಳಾಗಿ ಕೂತಿದೆ. ಪರದೆ ಮೇಲೆ ಕಣ್ಣಾಡಿಸಿದರೆ ಇದು ತಪ್ಪಿಸಿಕೊಳ್ಳುತ್ತದೆ. ಕಾಗದದ ಮೇಲೆ ಪ್ರಿಂಟ್ ತೆಗೆದು, ಬಾಯಿಬಿಟ್ಟು ಓದಬೇಕು. ಅದೂ ಬರೆದವರಲ್ಲ, ಬೇರೆಯವರು. ಬರೆದವರ ಕಣ್ಣು ಅಲ್ಲಿರುವುದನ್ನು ಓದುವುದಿಲ್ಲ, ತಾವು ಬರೆದದ್ದನ್ನು ಓದುತ್ತದೆ.

ಆದರೆ ಇವತ್ತಿನ ನಿಜವಾದ ತಲೆನೋವು ಇದಲ್ಲ. ಪುಟ. ತೊಂಬತ್ತೆಂಟು ಪುಟ.

ಹೇಳುತ್ತೇನೆ ಇರಿ. ಡೆಮಿ 1/8 ಅಳತೆಯ ಪುಸ್ತಕ ಹದಿನಾರು ಪುಟದ ಫಾರಂ ಲೆಕ್ಕದಲ್ಲಿ, ಅಂದರೆ ಒಂದು ದೊಡ್ಡ ಹಾಳೆಗೆ ಹದಿನಾರು ಪುಟದಂತೆ, ಅಚ್ಚಾಗುತ್ತದೆ. 96 ಪುಟ ಅಂದರೆ ಆರು ಫಾರಂ. ಲೆಕ್ಕ ಸರಿಯಾಗಿ ಕೂತಿತ್ತು, ದರವೂ ಮಾತಾಗಿತ್ತು. ಕೊನೆಯ ಪ್ರೂಫಿಗೆ ನಮ್ಮ ಹುಡುಗ ಎರಡು ಪುಟದ ಕೃತಜ್ಞತೆ ಸೇರಿಸಿ ಕಳಿಸಿದ. ಪ್ರೈಮರಿ ಶಾಲೆಯ ಮೇಷ್ಟ್ರಿಂದ ಹಿಡಿದು ಹಾಸ್ಟೆಲ್ ವಾರ್ಡನ್‌ವರೆಗೆ ಎಲ್ಲರೂ ಇದ್ದಾರೆ. ಭಾವನೆ ದೊಡ್ಡದು, ಅದನ್ನು ಅಲ್ಲಗಳೆಯಲ್ಲ. ಆದರೆ ಎರಡೇ ಪುಟ ಅಚ್ಚು ಹಾಕೋಕಾಗಲ್ಲ. "ಕಾಲು ಫಾರಂ ಹಾಕಬೇಕ್ರಿ ಮೇಡಂ, ನಾಲ್ಕು ಪುಟ, ಅದರಾಗ ಎರಡು ಖಾಲಿ" ಅಂತ ಆಪರೇಟರ್ ಹೇಳುತ್ತಿದ್ದಾರೆ. ಅಚ್ಚೊತ್ತುವ ಲೋಹದ ಹಾಳೆ, ಅಂದರೆ ಪ್ಲೇಟ್, ಹೊಸದು ಬೇಕು, ಬೇರೆ ಕಾಗದ, ಬೈಂಡಿಂಗ್‌ನಲ್ಲಿ ಸಣ್ಣ ತುಂಡು ಬೇರೆ ಹೊಲಿಯಬೇಕು. ಅದಕ್ಕಿಂತ ಹೆಚ್ಚಾಗಿ, ಕೃತಜ್ಞತೆ ಮೊದಲಲ್ಲೇ ಬಂದಿರುವುದರಿಂದ ಪ್ರತಿ ಕಥೆಯ ಪುಟಸಂಖ್ಯೆಯೂ ಎರಡು ಜಾರಿದೆ. ಪರಿವಿಡಿ ಪೂರ್ತಿ ತಪ್ಪು! ಪ್ಲೇಟ್ ಆದ ಮೇಲೆ ಇದು ಗೊತ್ತಾಗಿದ್ದರೆ ಏನು ಗತಿ? ಒಂದು ಪ್ಲೇಟಿನಲ್ಲಿ ಎಂಟು ಪುಟ ಇರುತ್ತವೆ. ಒಂದು ಅಕ್ಷರ ತಪ್ಪಿದರೂ ಎಂಟು ಪುಟದ ಪ್ಲೇಟ್ ಎಸೆದು ಹೊಸದು ಮಾಡಬೇಕು.

ಹುಡುಗನಿಗೆ ಫೋನ್ ಮಾಡಿದೆ. "ಬಿಡುಗಡೆ ಹತ್ತಿರ ಬಂದದ ರೀ ಅಕ್ಕಾ, ಹಂಗೇ ಹೊಡಿಸ್ರಿ, ದುಡ್ಡು ನಾ ನೋಡ್ಕೋತೀನಿ" ಅಂದ. ಹಂಗೇ ಹೊಡಿಸೋದಿಲ್ಲ ಅಂದೆ. ಲೇಖಕರ ಮಾತು ಅರ್ಧ ಪುಟಕ್ಕೆ ಮುಗಿದಿದೆ, ಉಳಿದ ಅರ್ಧದಲ್ಲಿ ಹೆಸರುಗಳನ್ನು ಕೂರಿಸಿ ಅಂತ ಆಪರೇಟರ್‌ಗೆ ಹೇಳಿದ್ದೇನೆ. ಮಧ್ಯಾಹ್ನದ ಮೇಲೆ ಹೇಳುತ್ತಾರಂತೆ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಮೊದಲ ಪುಸ್ತಕಕ್ಕೆ ಸ್ವಂತ ದುಡ್ಡು ಹಾಕಬೇಡಿ.

ಈಗ ಸೇಡಂ ಬಸ್ಸಿನಲ್ಲಿದ್ದೇವೆ. ಕಿಟಕಿ ಆಚೆ ಕಾಣುತ್ತಿರುವುದೆಲ್ಲ ತೊಗರಿ ಬೆಳೆಯುವ ಹೊಲಗಳು, ಈಗ ಖಾಲಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿತು. ಆ ಬೇಳೆಯ ಸಾರಿನ ರುಚಿಯೇ ಬೇರೆ, ಅದನ್ನು ಇನ್ನೊಂದು ವಿಡಿಯೊದಲ್ಲಿ ಹೇಳುತ್ತೇನೆ.

ಸ್ವಂತ ದುಡ್ಡಿನ ಮಾತು ವಾಪಸ್ ತಗೊಳ್ಳುತ್ತೇನೆ. ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಇದೇ ಹುಡುಗನಿಗೆ ಮೊದಲು ಒಬ್ಬ ಪ್ರಕಾಶಕರು ಒಂದು ಹಾಳೆ ಕೊಟ್ಟಿದ್ದರು. ಖರ್ಚಿನಲ್ಲಿ ಅರ್ಧ ಇವನೇ ಹಾಕಬೇಕು, ಸಮಸ್ತ ಹಕ್ಕುಗಳು ಶಾಶ್ವತವಾಗಿ ಪ್ರಕಾಶಕರವು. ಅವನು ಸಹಿ ಮಾಡಲಿಲ್ಲ, ಒಳ್ಳೆಯದಾಯ್ತು. ಅದಕ್ಕಿಂತ ಪೂರ್ತಿ ದುಡ್ಡು ತಾನೇ ಹಾಕಿ ಹಕ್ಕು ಉಳಿಸಿಕೊಳ್ಳುವುದು ಮೇಲು. 1957ರ ಕೃತಿಸ್ವಾಮ್ಯ ಕಾಯ್ದೆ ಬರೆಯುವವರ ಪರವಾಗಿಯೇ ಇದೆ ರೀ, ಯಾರೂ ಓದುವುದಿಲ್ಲ ಅಷ್ಟೇ. ಹಕ್ಕು ಕೊಡುವುದಾದರೆ ಬರಹದಲ್ಲಿ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಅದು ಐದೇ ವರ್ಷ. ಎಲ್ಲಿಗೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಆದರೆ ಶಾಶ್ವತ ಅಂತ ಬರೆದದ್ದಕ್ಕೆ ನೀವೇ ಸಹಿ ಹಾಕಿದರೆ ಈ ಐದು ವರ್ಷದ ನಿಯಮ ನಿಮ್ಮ ಕೈಹಿಡಿಯಲ್ಲ. ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ನಿಮ್ಮ ಮೊಮ್ಮಕ್ಕಳಿಗೆ ಸೇರಬೇಕಾದದ್ದನ್ನು ಒಂದು ಟೀ ಕುಡಿಯುವಷ್ಟು ಹೊತ್ತಿನಲ್ಲಿ ಬರೆದುಕೊಡಬೇಡಿ. ಹಾಳೆ ಮನೆಗೆ ತನ್ನಿ, ಓದಿ, ಆಮೇಲೆ ಹೇಳುತ್ತೇನೆ ಅನ್ನಿ. ಹಾಗೇ ಐಎಸ್‌ಬಿಎನ್‌ಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಪುಸ್ತಕದ ಗುರುತಿಗೆ ಕೊಡುವ ಆ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ.

ಇಳಿದೆವು. ಮಳಖೇಡ. ಕೋಟೆ ಕಾಣುತ್ತಿದೆ, ಆ ಕಡೆ ಕಾಗಿಣಾ ನದಿ. ಬಿಸಿಲು ನೆತ್ತಿ ಸುಡುತ್ತಿದೆ, ಬೇಗ ಹೇಳಿಬಿಡುತ್ತೇನೆ.

ಇಲ್ಲಿಗೆ ಯಾಕೆ ಬಂದೆ ಅಂದರೆ, ಇದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕನ್ನಡದಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ. ಸುಮಾರು ಕ್ರಿ.ಶ. 850ರದು, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ಬರೆದದ್ದು. ಅದರಲ್ಲಿ ಮೂರು ಪರಿಚ್ಛೇದ. ಮೊದಲನೆಯದು ಯಾವುದರ ಬಗ್ಗೆ ಗೊತ್ತಾ? ಬರವಣಿಗೆಯ ದೋಷಗಳ ಬಗ್ಗೆ. ಅಲಂಕಾರವೆಲ್ಲ ಆಮೇಲೆ. ಮೊದಲು ತಪ್ಪು ಯಾವುದು ಅಂತ ಗುರುತಿಸು, ಆಮೇಲೆ ಸಿಂಗಾರ ಮಾಡು ಅನ್ನುವ ಹಾಗಿದೆ. ಕನ್ನಡಕ್ಕೆ ಸಂಸ್ಕೃತವನ್ನು ಹೊಂದದ ಹಾಗೆ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಅಂತಾನೆ ಅವನು. ನನಗೆ ರೋಮಾಂಚನ ಆಗುವುದು ಇಲ್ಲೇ. ಈ ಮಾತು ನಮ್ಮ ಜಿಲ್ಲೆಯ ನೆಲದಲ್ಲಿ ಹುಟ್ಟಿದ್ದು.

ಯಾಕೆ ಹೇಳಿದೆ ಅಂದರೆ, ಹುಡುಗನ ನಾಲ್ಕನೇ ಕಥೆಯಲ್ಲಿ ಅಜ್ಜಿ ತೊಗರಿ ರಾಶಿ ಮುಂದೆ ಕೂತು, "ನಾನು ಅತೀವ ಸಂತಸಗೊಂಡಿದ್ದೇನೆ" ಅಂತಾಳೆ. ನಮ್ಮ ಯಾವ ಅಜ್ಜಿ ಹಾಗೆ ಮಾತಾಡುತ್ತಾಳೆ, ಹೇಳಿ? "ಭಾಳ ಖುಷಿ ಆತು ನೋಡಪ್ಪಾ" ಅಂತ ತಿದ್ದಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಒಪ್ಪುವುದು ಬಿಡುವುದು ಅವನಿಗೆ ಬಿಟ್ಟದ್ದು. ಅವನು ಒಪ್ಪಿದ. ಆ ಕಥೆ ಈಗ ಇಡೀ ಪುಸ್ತಕದಲ್ಲೇ ಚೆಂದದ್ದು, ಮುಖಸ್ತುತಿಗೆ ಹೇಳುತ್ತಿಲ್ಲ.

ಫೋನ್ ಬಂತು, ಒಂದು ನಿಮಿಷ. ಪ್ರೆಸ್ಸಿನವರು. ತೊಂಬತ್ತಾರಕ್ಕೆ ಕೂತಿದೆಯಂತೆ! ಪರಿವಿಡಿಯೂ ಮತ್ತೆ ಸರಿಹೊಂದಿದೆ. ಹುಡುಗ ಅಲ್ಲೇ ಬಂದು ಕೂತಿದ್ದಾನಂತೆ, ಮೂರನೇ ಕಥೆಗೆ ಇನ್ನೊಂದು ಪ್ಯಾರಾ ಸೇರಿಸ್ತೀನಿ ಅಂತಿದ್ದಾನಂತೆ. ಫೋನ್ ಅವನ ಕೈಗೆ ಕೊಡ್ರಿ ಅಂದಿದ್ದೇನೆ. ಕ್ಯಾಮೆರಾ ಆಫ್ ಮಾಡುತ್ತೇನೆ, ಅವನ ಹತ್ತಿರ ಮಾತಾಡಬೇಕು. ಸಿಗೋಣ ರೀ.